ಅಪ್ಪಣೆಯಿಲ್ಲದ ಹಾಡು

1976ನೆಯ ಇಸವಿಯ ಸೆಪ್ಟೆಂಬರ್ 21ರಿಂದ 23ರವರೆಗೆ, ಅಂದಿನ ಜೆಕೊಸ್ಲೊವಾಕಿಯಾ ದೇಶದ ರಾಜಧಾನಿಯಾದ ಪ್ರಾಗ್ ನಗರದ ನ್ಯಾಯಾಲಯವೊಂದರಲ್ಲಿ ನಾಲ್ವರು ಆಪಾದಿತರ ವಿಚಾರಣೆ ನಡೆಯಿತು. ಅವರಲ್ಲೊಬ್ಬನು ಕಲೆಯ ಇತಿಹಾಸವನ್ನು ವ್ಯಾಸಂಗ ಮಾಡಿದ ವಿಮರ್ಶಕ, ಇನ್ನೊಬ್ಬನು ಕವಿ, ಮತ್ತೊಬ್ಬನು ಕ್ರೈಸ್ತ ಪಾದ್ರಿ, ನಾಲ್ಕನೆಯವನು ಸ್ಯಾಕ್ಸೊಫೋನ್ ವಾದಕ. ಅವರು ಯಾರ ಪ್ರಾಣಕ್ಕೂ ಕೈ ಹಾಕಿದವರಲ್ಲ, ಯಾರ ಸ್ವತ್ತನ್ನೂ ಅಪಹರಿಸಿದವರಲ್ಲ, ರಾಜ್ಯವನ್ನು ಬುಡಮೇಲು ಮಾಡುವ ಸಂಚನ್ನು ಹೂಡಿದವರೂ ಅಲ್ಲ. ತಮ್ಮ ಮಿತ್ರಮಂಡಲಿಯ ಮುಂದೆ, ನಗರದಿಂದ ದೂರವಾದ ಹಳ್ಳಿಗಳ ಸಭಾಗೃಹಗಳಲ್ಲಿ, ಸರ್ಕಾರದ ಅಪ್ಪಣೆಯನ್ನು ಪಡೆಯದೆ ಹಾಡಿದುದು, ನುಡಿಸಿದುದು, ಅಂಥ ಕೂಟಗಳನ್ನು ಏರ್ಪಡಿಸಿದುದು, ಇಷ್ಟೇ ಅವರ ಕೃತ್ಯ. ನ್ಯಾಯಾಲಯವು ಅದನ್ನು ಸಾರ್ವಜನಿಕ ಶಾಂತಿಭಂಗವೆಂದು ಪರಿಗಣಿಸಿ, ಇವಾನ್ ಮಾರ್ಟಿನ್ ಯಿರೌಸ್‌ಗೆ 18 ತಿಂಗಳು, ಪಾವೆಲ್ ಝಾಯಿಚೆಕ್‌ಗೆ 12 ತಿಂಗಳು, ಸ್ವಾಟೊಪ್ಲುಕ್ ಕರಾಸೆಕ್ ಮತ್ತು ವ್ರಾತಿಸ್ಲಾವ್ ಬ್ರಾಬೆನೆತ್ಸ್ ಇವರಿಗೆ ತಲಾ 8 ತಿಂಗಳು ಸೆರೆವಾಸವನ್ನು ವಿಧಿಸಿತು.

ಯಿರೌಸ್ ಮತ್ತು ಬ್ರಾಬೆನೆತ್ಸ್ ಇಬ್ಬರೂ 'ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯೂನಿವರ್ಸ್' ಎಂಬ ರಾಕ್ ವಾದ್ಯಗೋಷ್ಠಿಗೆ ಸೇರಿದವರು. ಸೈನ್ಯ, ಪೊಲೀಸು, ಪತ್ರಿಕೆ, ಆಕಾಶವಾಣಿ, ಶಾಲೆ, ಉದ್ಯೋಗ ಇವೆಲ್ಲವನ್ನೂ ತನ್ನ ಮುಷ್ಟಿಯಲ್ಲಿಟ್ಟುಕೊಂಡಿದ್ದ, ಬೆನ್ನ ಹಿಂದೆ ಸೋವಿಯತ್ ಮಹಾಶಕ್ತಿಯ ಬಲವನ್ನೂ ಹೊಂದಿದ್ದ ಒಂದು ಪ್ರಭುತ್ವವು, ಉದ್ದ ಕೂದಲಿನ ನಾಲ್ಕಾರು ತರುಣರು ಕರ್ಕಶವಾಗಿ ಹಾಡಿದ ಪದ್ಯಗಳಿಗೆ ಇಷ್ಟೇಕೆ ಬೆದರಿತು? ಶಾಸ್ತ್ರೀಯ ಸಂಗೀತದ ಸಂಸ್ಕಾರವುಳ್ಳ ನಮ್ಮೂರಿನವರು ಈ ಪ್ರಶ್ನೆಯನ್ನು ದೂರದೇಶದ ಹಳೆಯ ಸಂಗತಿಯೆಂದು ಬದಿಗಿಡಲಾಗದು. ಹಾಡಿಗೂ ಅಧಿಕಾರಕ್ಕೂ ಇರುವ ಸಂಬಂಧವನ್ನು ಮೈಸೂರಿನಷ್ಟು ಹತ್ತಿರದಿಂದ ಕಂಡ ನಗರಗಳು ವಿರಳ.

ಆಸ್ಥಾನದ ನಾದ

ಚಾಮುಂಡಿ ಬೆಟ್ಟಕ್ಕೆ ಸಮೀಪವಾಗಿರುವ ನಮ್ಮ ವಿದ್ಯಾರಣ್ಯಪುರಂ ಬಡಾವಣೆಯು ಯಾವ ಮಹನೀಯರ ಹೆಸರನ್ನು ಹೊತ್ತಿದೆಯೋ ಅವರು ಪರಂಪರೆಯ ದೃಷ್ಟಿಯಲ್ಲಿ ವಿಜಯನಗರ ಸಾಮ್ರಾಜ್ಯದ ಪ್ರತಿಷ್ಠಾಪಕರಾದ ಯತಿಗಳು ಮಾತ್ರವಲ್ಲದೆ 'ಸಂಗೀತಸಾರ'ವೆಂಬ ಲಕ್ಷಣಗ್ರಂಥದ ಕರ್ತೃಗಳೂ ಹೌದು. ಆ ಗ್ರಂಥವು ಇಂದು ಲಭ್ಯವಿಲ್ಲದಿದ್ದರೂ, ಅದರಲ್ಲಿ 15 ಮೇಳಗಳೂ 50 ರಾಗಗಳೂ ನಿರೂಪಿತವಾಗಿದ್ದುವೆಂಬುದನ್ನು 17ನೆಯ ಶತಮಾನದ ತಂಜಾವೂರಿನ ಗೋವಿಂದ ದೀಕ್ಷಿತರ 'ಸಂಗೀತ ಸುಧಾ'ದಿಂದ ನಾವು ಅರಿಯುತ್ತೇವೆ. ರಾಜ್ಯವನ್ನು ಕಟ್ಟುವ ಮತಿಯೂ ರಾಗವನ್ನು ವಿಂಗಡಿಸುವ ಮತಿಯೂ ಒಂದೇ ವ್ಯಕ್ತಿಯಲ್ಲಿ ನೆಲೆಸಿದ್ದುವೆಂದು ನಂಬಿ ನಡೆದುಬಂದ ನಾಡಿನಲ್ಲಿ, ಅರಮನೆಯು ಸಂಗೀತದ ಪೋಷಕಸ್ಥಾನವೆಂಬ ಭಾವನೆ ಸಹಜವಾಗಿಯೇ ಬೇರೂರಿತು.

ಆ ಭಾವನೆಗೆ ಆಧಾರವೂ ಸಮೃದ್ಧವಾಗಿದೆ. ಜಯಚಾಮರಾಜ ಒಡೆಯರು 1940ರ ದಶಕದ ಉತ್ತರಾರ್ಧದಲ್ಲಿ, ಲಂಡನ್ನಿನಲ್ಲಿ ಅನಾರೋಗ್ಯದಿಂದಲೂ ಆರ್ಥಿಕ ಕಷ್ಟದಿಂದಲೂ ಬಳಲುತ್ತಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸ್ವರಸಂಯೋಜಕನ ಕೃತಿಗಳನ್ನು ಧ್ವನಿಮುದ್ರಿಸುವುದಕ್ಕಾಗಿ ಉದಾರವಾಗಿ ದ್ರವ್ಯಸಹಾಯ ಮಾಡಿದರು. ಬಾಲ್ಷೆವಿಕರ ಕ್ರಾಂತಿಯ ತರುವಾಯ 1921ರಲ್ಲಿ ಸ್ವದೇಶವನ್ನು ತೊರೆದಿದ್ದ ಆ ವೃದ್ಧ ಕಲಾವಿದನು, 1951ರಲ್ಲಿ ತೀರಿಕೊಳ್ಳುವ ಮುನ್ನ, ತನ್ನ ಪಿಯಾನೋ ವಾದನವು ಮುಂದಿನ ತಲೆಮಾರಿಗೆ ಉಳಿಯಿತೆಂಬ ಸಮಾಧಾನವನ್ನು ಪಡೆದುದು ಮೈಸೂರಿನ ಅರಸರಿಂದ. ಕೃತಜ್ಞತೆಯಿಂದ ಆತನು ತನ್ನ ಮೂರನೆಯ ಪಿಯಾನೋ ಕಾನ್ಸರ್ಟೊವನ್ನು ಅವರಿಗೇ ಅರ್ಪಿಸಿದನು. ಕಮ್ಯುನಿಸ್ಟ್ ರಾಜ್ಯದಿಂದ ಹೊರಬಂದ ಒಬ್ಬ ಸಂಗೀತಗಾರನಿಗೆ ನಮ್ಮ ಊರು ಹೀಗೆ ಕಾಣದ ದೂರದಿಂದಲೇ ಆಸರೆಯಾಯಿತೆಂಬುದು ಹೆಮ್ಮೆಪಡಬೇಕಾದ ಸಂಗತಿ.

ಹೊಸತನಕ್ಕೆ ಇಲ್ಲಿ ವಿರೋಧವೇ ಇರಲಿಲ್ಲವೆಂದೇನೂ ಅಲ್ಲ. ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ, ವಿಶಾಲವಾದ ಸಭೆಯ ಕೊನೆಯ ಸಾಲಿಗೂ ನಾದವು ಮುಟ್ಟಬೇಕೆಂದು ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಯ ವಾದ್ಯವಾಗಿ ಬೆಳೆಸಿದಾಗ, ಸಂಪ್ರದಾಯಸ್ಥರು ಹುಬ್ಬು ಗಂಟಿಕ್ಕಿದರು. ಆದರೆ ಆ ವಿವಾದವು ಕಚೇರಿಯ ಚಪ್ಪರದಲ್ಲಿ ಹುಟ್ಟಿ ಅಲ್ಲಿಯೇ ತೀರ್ಮಾನವಾಯಿತು. ರಸಿಕರು ಕೇಳಿದರು, ವಾದಿಸಿದರು, ಕಡೆಗೆ ಒಪ್ಪಿದರು. ಪಿಟೀಲಿನ ತಂತಿಗಳ ಸಂಖ್ಯೆಯನ್ನು ಯಾವ ಅಧಿಕಾರಿಯೂ ಎಣಿಸಲಿಲ್ಲ. ಹಾಡುವವನಿಗೂ ಕೇಳುವವನಿಗೂ ನಡುವೆ ಪೊಲೀಸನು ನಿಂತರೆ ಏನಾಗುತ್ತದೆಂಬುದನ್ನು ಅರಿಯಲು ನಾವು ಪ್ರಾಗ್ ನಗರಕ್ಕೇ ಮರಳಬೇಕು.

ಕಿತ್ತುಕೊಂಡ ವಾದ್ಯಗಳು

1968ರ ಮೊದಲ ತಿಂಗಳುಗಳಲ್ಲಿ ಅಲೆಕ್ಸಾಂಡರ್ ಡುಬ್ಚೆಕ್‌ನ ನಾಯಕತ್ವದಲ್ಲಿ ಜೆಕೊಸ್ಲೊವಾಕಿಯದ ಕಮ್ಯುನಿಸ್ಟ್ ಪಕ್ಷವು ಪತ್ರಿಕಾ ನಿರ್ಬಂಧವನ್ನು ಸಡಿಲಿಸಿ, ಮಾನವೀಯ ಮುಖವುಳ್ಳ ಸಮಾಜವಾದವನ್ನು ರೂಪಿಸುವ ಪ್ರಯತ್ನಕ್ಕೆ ಕೈಹಾಕಿತ್ತು. ಆ ವಸಂತವು ಆಗಸ್ಟ್ 20ರ ರಾತ್ರಿ ವಾರ್ಸಾ ಒಪ್ಪಂದದ ರಾಷ್ಟ್ರಗಳ ಟ್ಯಾಂಕುಗಳು ಗಡಿ ದಾಟಿದೊಡನೆ ಕೊನೆಗೊಂಡಿತು. ಅದಾದ ಕೆಲವೇ ವಾರಗಳಲ್ಲಿ, ಇನ್ನೂ ಹದಿನೆಂಟು ತುಂಬದ ಮಿಲಾನ್ ಹ್ಲಾವ್ಸಾ ಎಂಬ, ಮಾಂಸದಂಗಡಿಯ ಕಸುಬನ್ನು ಕಲಿತ ತರುಣನು ತನ್ನ ಗೆಳೆಯರೊಡನೆ ಒಂದು ವಾದ್ಯಗೋಷ್ಠಿಯನ್ನು ಕಟ್ಟಿದನು. ಅಮೆರಿಕದ ಫ್ರಾಂಕ್ ಝಾಪಾ ಎಂಬ ಪ್ರಯೋಗಶೀಲ ಸಂಗೀತಗಾರನ ಹಾಡೊಂದರಿಂದ ಅದಕ್ಕೆ ಹೆಸರು ಬಂದಿತು. ನ್ಯೂಯಾರ್ಕಿನ ವೆಲ್ವೆಟ್ ಅಂಡರ್‌ಗ್ರೌಂಡ್ ಗೋಷ್ಠಿಯ ಸಂಗೀತವು ಅದಕ್ಕೆ ಆದರ್ಶವಾಯಿತು.

ಗುಸ್ತಾವ್ ಹುಸಾಕ್‌ನ ಹೊಸ ಆಡಳಿತವು ದೇಶವನ್ನು ಮತ್ತೆ ಹದ್ದುಬಸ್ತಿಗೆ ತರುವ ಕಾರ್ಯದಲ್ಲಿ ಸಂಗೀತವನ್ನೂ ಮರೆಯಲಿಲ್ಲ. ಹಣ ಪಡೆದು ಸಾರ್ವಜನಿಕವಾಗಿ ನುಡಿಸುವವರಿಗೆ ಸರ್ಕಾರದ ಪರವಾನಗಿ ಬೇಕು. ಪರವಾನಗಿಗೆ ಪರೀಕ್ಷಕಮಂಡಲಿಯ ಮುಂದೆ ಹಾಡಿ ತೋರಿಸಬೇಕು. ಮಂಡಲಿಯು ಸ್ವರಶುದ್ಧಿಯ ಜತೆಗೆ ಕೂದಲಿನ ಉದ್ದ, ಹಾಡಿನ ಭಾಷೆ, ಹಾಡುವವನ ಮನೋಧರ್ಮ ಇವನ್ನೂ ತೂಗಿ ನೋಡುವುದು. ಕೂದಲನ್ನು ಕತ್ತರಿಸಿಕೊಂಡು ಹೆಸರನ್ನು ಬದಲಾಯಿಸಿಕೊಂಡ ಅನೇಕ ಗೋಷ್ಠಿಗಳು ಉಳಿದುಕೊಂಡವು. ಹ್ಲಾವ್ಸಾನ ಗೋಷ್ಠಿಯು ಮಾತ್ರ ಒಪ್ಪಲಿಲ್ಲ. 1970ರಲ್ಲಿ ಅದರ ಪರವಾನಗಿಯನ್ನು ರದ್ದುಪಡಿಸಲಾಯಿತು. ಸರ್ಕಾರದ ಸ್ವತ್ತಾಗಿದ್ದ ವಾದ್ಯಗಳನ್ನೂ ಧ್ವನಿವರ್ಧಕಗಳನ್ನೂ ಹಿಂತೆಗೆದುಕೊಳ್ಳಲಾಯಿತು.

ಬರಿಗೈಯಲ್ಲಿ ನಿಂತ ಆ ತರುಣರು ಮಾಡಿದ ಕೆಲಸವನ್ನು ಸ್ಮರಿಸಿದಾಗ ಮನಸ್ಸಿಗೆ ಗೌರವ ಹುಟ್ಟುತ್ತದೆ. ಅವರು ಕಾಡಿಗೆ ಹೋಗಿ ಮರಗೆಲಸ ಮಾಡಿ ಹಣ ಕೂಡಿಸಿದರು. ಗೋಷ್ಠಿಯ ಯೋಸೆಫ್ ಯಾನಿಚೆಕ್ ಹಳೆಯ ರೇಡಿಯೋಗಳ ಬಿಡಿಭಾಗಗಳನ್ನು ಜೋಡಿಸಿ ಧ್ವನಿವರ್ಧಕಗಳನ್ನು ತಯಾರಿಸಿದನು. ಯಿರ್ಶಿ ಕಾಬೆಶ್‌ನ ವಿಯೋಲಾ, ಬ್ರಾಬೆನೆತ್ಸ್‌ನ ಸ್ಯಾಕ್ಸೊಫೋನ್, ಹ್ಲಾವ್ಸಾನ ಬಾಸ್ ಗಿಟಾರ್ ಇವು ಕೂಡಿ, ಒಂದೇ ಲಯಖಂಡವನ್ನು ಮತ್ತೆಮತ್ತೆ ಆವರ್ತಿಸುತ್ತ, ಮಾಧುರ್ಯದ ಕಡೆಗೆ ತಿರುಗಿಯೂ ನೋಡದ, ಕತ್ತಲೆಯಂತೆ ಭಾರವಾದ ಒಂದು ನಾದವನ್ನು ಸೃಷ್ಟಿಸಿದುವು. ಮೊದಲು ಇಂಗ್ಲಿಷ್ ಹಾಡುಗಳಿಗೆ ಕಂಠವಿತ್ತ ಪಾಲ್ ವಿಲ್ಸನ್ ಎಂಬ ಕೆನಡಾದ ಅಧ್ಯಾಪಕನು ಗೋಷ್ಠಿಯನ್ನು ಬಿಟ್ಟ ತರುವಾಯ, ಅವರು ಜೆಕ್ ಭಾಷೆಯಲ್ಲಿಯೇ ಹಾಡತೊಡಗಿದರು. ಮುದ್ರಣಕ್ಕೆ ಅವಕಾಶವಿಲ್ಲದಿದ್ದ ಎಗೊನ್ ಬೊಂಡಿ ಎಂಬ ಕವಿಯ ಪದ್ಯಗಳು ಅವರ ರಾಗಕ್ಕೆ ಮಾತಾದುವು. ಪರದೇಶದ ಅನುಕರಣೆಯಿಂದ ಹೊರಟದ್ದು ಹೀಗೆ ಸ್ವಭಾಷೆಯ ಸತ್ವವನ್ನು ಪಡೆದು ಸ್ವಂತದ ಕಲೆಯಾಯಿತು.

ಎರಡನೆಯ ಸಂಸ್ಕೃತಿ

ಪರವಾನಗಿಯಿಲ್ಲದವರು ಹಾಡಬಹುದಾದ ಸ್ಥಳಗಳು ಎರಡೇ: ಮಿತ್ರರ ಮನೆ ಮತ್ತು ಮಿತ್ರರ ಮದುವೆ. ಮದುವೆಯ ಔತಣಕೂಟವು ಖಾಸಗಿಯಾದುದರಿಂದ ಅಲ್ಲಿ ಸಂಗೀತಕ್ಕೆ ಅಪ್ಪಣೆ ಬೇಕಿರಲಿಲ್ಲ. ಬಾಯಿಂದ ಬಾಯಿಗೆ ಸುದ್ದಿ ಹರಡುವುದು. ರೈಲಿನಲ್ಲಿ ಬಂದಿಳಿದವರು ಹೊಲಗದ್ದೆಗಳನ್ನು ದಾಟಿ ನಡೆದು ಗೊತ್ತಾದ ಹಳ್ಳಿಯನ್ನು ಸೇರುವರು. ಆದರೂ ಆಡಳಿತದ ಕಣ್ಣು ತಪ್ಪುತ್ತಿರಲಿಲ್ಲ. 1974ರ ಮಾರ್ಚ್ ತಿಂಗಳಲ್ಲಿ ಚೆಸ್ಕೆ ಬುಡೆಯೊವಿಟ್ಸೆ ಎಂಬ ಊರಿನ ಸಮೀಪದ ಕಚೇರಿಗೆ ನೂರಾರು ತರುಣರು ಬಂದಾಗ, ಪೊಲೀಸರು ಅವರನ್ನು ಲಾಠಿಗಳಿಂದ ಹೊಡೆದು ರೈಲು ಹತ್ತಿಸಿ ಹಿಂದಕ್ಕಟ್ಟಿದರು. ಹಲವರು ವಿದ್ಯಾಭ್ಯಾಸದ ಅವಕಾಶವನ್ನೇ ಕಳೆದುಕೊಂಡರು.

ಈ ಅನುಭವದಿಂದ ಯಿರೌಸ್ ಒಂದು ತತ್ತ್ವವನ್ನು ತೆಗೆದನು. 1975ರಲ್ಲಿ ಬರೆದು ಬೆರಳಚ್ಚಿನ ಪ್ರತಿಗಳ ಮೂಲಕ ಹಂಚಿದ ಪ್ರಬಂಧದಲ್ಲಿ ಆತನು ಪ್ರತಿಪಾದಿಸಿದ ಅಭಿಪ್ರಾಯದ ಸಾರ ಹೀಗಿದೆ: ಸರ್ಕಾರದ ಮನ್ನಣೆ, ವೇತನ, ಪ್ರಶಸ್ತಿಗಳನ್ನು ಆಶ್ರಯಿಸಿದ ಮೊದಲನೆಯ ಸಂಸ್ಕೃತಿಯೊಡನೆ ಸ್ಪರ್ಧಿಸುವುದೂ ಬೇಡ, ಅದನ್ನು ಉರುಳಿಸುವುದೂ ಬೇಡ, ಅದರ ಮನ್ನಣೆಯನ್ನು ಸಂಪೂರ್ಣವಾಗಿ ಬಿಟ್ಟುಕೊಟ್ಟವರು ತಮ್ಮದೇ ಆದ ಎರಡನೆಯ ಸಂಸ್ಕೃತಿಯನ್ನು ನಿರ್ಮಿಸಿಕೊಳ್ಳಬೇಕು. ಹ್ಲಾವ್ಸಾನಂತೂ ತಮ್ಮದು ರಾಜಕೀಯದ ಗೋಷ್ಠಿಯೇ ಅಲ್ಲವೆಂದು ಕೊನೆಯವರೆಗೂ ಹೇಳುತ್ತಿದ್ದನು. ಸರ್ಕಾರವನ್ನು ನಿಂದಿಸುವವನು ಸರ್ಕಾರಕ್ಕೆ ಒಂದು ಬಗೆಯ ಪ್ರಾಮುಖ್ಯವನ್ನು ಕೊಟ್ಟಂತಾಗುತ್ತದೆ; ಅದು ಇದೆಯೆಂಬುದನ್ನೇ ಮರೆತು ಹಾಡುವವನು ಅದರ ಸರ್ವವ್ಯಾಪಿತ್ವದ ನಂಬಿಕೆಯನ್ನು ಒಡೆದುಹಾಕುತ್ತಾನೆ. ಮನುಷ್ಯನ ಸಂತೋಷವೂ ತನ್ನ ಮುದ್ರೆಯನ್ನು ಪಡೆದೇ ಹೊರಬರಬೇಕೆಂದು ಬಯಸುವ ಪ್ರಭುತ್ವಕ್ಕೆ ಇದಕ್ಕಿಂತ ಸಹಿಸಲಸಾಧ್ಯವಾದುದು ಬೇರೊಂದಿಲ್ಲ. ನಾವು ಕೇಳಿದ ಪ್ರಶ್ನೆಗೆ ಉತ್ತರವು ಇಲ್ಲಿದೆ.

1976ರ ಫೆಬ್ರವರಿ 21ರಂದು ಬೊಯಾನೊವಿಟ್ಸೆ ಎಂಬ ಹಳ್ಳಿಯಲ್ಲಿ ಯಿರೌಸ್‌ನ ಮದುವೆಯ ಸಂದರ್ಭದಲ್ಲಿ ಎರಡನೆಯ ಸಂಸ್ಕೃತಿಯ ಉತ್ಸವವು ನಡೆಯಿತು. ತಿಂಗಳೊಪ್ಪತ್ತಿನೊಳಗಾಗಿ ಪೊಲೀಸರು ಮನೆಮನೆಯನ್ನೂ ಶೋಧಿಸಿ, ವಾದ್ಯಗಳನ್ನೂ ಧ್ವನಿಸುರುಳಿಗಳನ್ನೂ ವಶಪಡಿಸಿಕೊಂಡು, ಸಂಗೀತಗಾರರನ್ನೂ ಅವರ ಮಿತ್ರರನ್ನೂ ಬಂಧಿಸಿದರು.

ತತ್ತ್ವಜ್ಞಾನಿಯ ಸಾಕ್ಷ್ಯ

ಇಲ್ಲಿಂದ ಮುಂದಿನ ಘಟನೆಗಳೇ ಈ ಕಥೆಯ ಹೃದಯ. ಆ ದೇಶದ ವಿದ್ಯಾವಂತ ವರ್ಗದ ಬಹುಪಾಲಿಗೆ ಈ ಗೋಷ್ಠಿಯ ಸಂಗೀತವು ರುಚಿಸುತ್ತಿರಲಿಲ್ಲ. ಆಡಳಿತದ ಪತ್ರಿಕೆಗಳು ಅವರನ್ನು ಪುಂಡರೆಂದೂ ಮಾದಕವ್ಯಸನಿಗಳೆಂದೂ ಚಿತ್ರಿಸಿದುವು. ಇಂಥವರ ಪರವಾಗಿ ಸಭ್ಯರು ಯಾರು ಬಂದಾರು ಎಂಬುದು ಅಧಿಕಾರಿಗಳ ಲೆಕ್ಕಾಚಾರವಾಗಿತ್ತು. ನಾಟಕಕಾರ ವಾತ್ಸ್ಲಾವ್ ಹಾವೆಲ್ ಅದೇ ವರ್ಷದ ಆರಂಭದಲ್ಲಿ ಯಿರೌಸ್‌ನನ್ನು ಭೇಟಿಯಾಗಿ, ಇಡೀ ರಾತ್ರಿ ಮಾತನಾಡಿ, ಆ ಒರಟು ಧ್ವನಿಮುದ್ರಣಗಳ ಒಳಗೆ ಬದುಕಿನ ಬಗೆಗಿನ ಒಂದು ನಿಷ್ಕಪಟವಾದ ನೋವನ್ನು ಗುರುತಿಸಿದ್ದನು. ರಾಜಕೀಯ ವಿರೋಧಿಗಳನ್ನು ಶಿಕ್ಷಿಸುವುದು ಒಂದು. ರಾಜಕೀಯದ ಗೊಡವೆಯೇ ಇಲ್ಲದೆ ತಮ್ಮ ಪಾಡಿಗೆ ತಾವು ಬದುಕಬೇಕೆಂದವರನ್ನು ಶಿಕ್ಷಿಸುವುದು ಜೀವನದ ಮೇಲೆಯೇ ಎಸಗಿದ ಆಕ್ರಮಣ ಎಂಬುದು ಹಾವೆಲ್‌ನಿಗೆ ಸ್ಪಷ್ಟವಾಯಿತು.

ಆಗಸ್ಟ್ ತಿಂಗಳಲ್ಲಿ ಆ ದೇಶದ ಕೆಲವು ಗಣ್ಯ ಲೇಖಕರು ಜರ್ಮನಿಯ ಸಾಹಿತಿ ಹೈನ್ರಿಶ್ ಬೋಲ್‌ನಿಗೆ ಬಹಿರಂಗ ಪತ್ರವನ್ನು ಬರೆದು ಸಂಗೀತಗಾರರಿಗೆ ಬೆಂಬಲವನ್ನು ಕೋರಿದರು. ಮುಂದೆ 1984ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಕವಿ ಯಾರೊಸ್ಲಾವ್ ಸೈಫರ್ಟ್ ಅವರಲ್ಲೊಬ್ಬನು. ಆಗ ಆತನಿಗೆ ಎಪ್ಪತ್ತನಾಲ್ಕು ವರ್ಷ. ಇನ್ನೊಬ್ಬನು ಯಾನ್ ಪಾಟೊಚ್ಕಾ: ಜರ್ಮನ್ ದಾರ್ಶನಿಕ ಹುಸ್ಸರ್ಲ್‌ನ ಶಿಷ್ಯ, ಗ್ರೀಕ್ ತತ್ತ್ವಶಾಸ್ತ್ರದ ಆಳವಾದ ಪಂಡಿತ, ವಿಶ್ವವಿದ್ಯಾನಿಲಯದಿಂದ ಹೊರಹಾಕಲ್ಪಟ್ಟು ಮನೆಯಲ್ಲಿಯೇ ಪಾಠ ಹೇಳುತ್ತಿದ್ದ, ಎಪ್ಪತ್ತು ಸಮೀಪಿಸಿದ ವೃದ್ಧ. ತನ್ನ ಅಭಿರುಚಿಗೆ ಎಷ್ಟೋ ದೂರವಾದ ರಾಕ್ ಸಂಗೀತಗಾರರ ಪರವಾಗಿ ಆತನು ಲೇಖನವನ್ನೂ ಬರೆದನು. ಸೆಪ್ಟೆಂಬರಿನ ವಿಚಾರಣೆಯ ದಿನಗಳಲ್ಲಿ ನ್ಯಾಯಾಲಯದ ಮೊಗಸಾಲೆಯಲ್ಲಿ ಪ್ರಾಧ್ಯಾಪಕರು, ಪದಚ್ಯುತ ಕಮ್ಯುನಿಸ್ಟರು, ಕ್ರೈಸ್ತ ಶ್ರದ್ಧಾಳುಗಳು, ಜಡೆಗೂದಲಿನ ತರುಣರು ಒಟ್ಟಿಗೆ ನಿಂತರು. ವರ್ಷಗಟ್ಟಲೆ ಪರಸ್ಪರ ಸಂದೇಹದಿಂದ ದೂರವಿದ್ದವರು ಪರಿಚಿತರಾದರು. ಆ ಪರಿಚಯದ ಫಲವೇ 1977ರ ಜನವರಿ 1ರ ದಿನಾಂಕವನ್ನು ಹೊತ್ತು ಹೊರಬಂದ 'ಚಾರ್ಟರ್ 77' ಎಂಬ ಘೋಷಣೆ. ಮಾನವಹಕ್ಕುಗಳನ್ನು ಗೌರವಿಸುವುದಾಗಿ 1975ರ ಹೆಲ್ಸಿಂಕಿ ಒಪ್ಪಂದಕ್ಕೆ ಸಹಿ ಹಾಕಿದ ಸರ್ಕಾರವು ತನ್ನ ಮಾತನ್ನು ತಾನೇ ಉಳಿಸಿಕೊಳ್ಳಬೇಕೆಂಬುದಷ್ಟೇ ಅದರ ಬೇಡಿಕೆ. ಅದಕ್ಕೆ ಮೊದಲು ಸಹಿ ಮಾಡಿದವರು 242 ಮಂದಿ. ಹಾವೆಲ್, ಪಾಟೊಚ್ಕಾ, ಮಾಜಿ ವಿದೇಶಾಂಗ ಸಚಿವ ಯಿರ್ಶಿ ಹಾಯೆಕ್ ಅದರ ವಕ್ತಾರರು.

ಪಾಟೊಚ್ಕಾ ಅದರ ಬೆಲೆಯನ್ನು ತೆತ್ತನು. ಪೊಲೀಸರ ಸುದೀರ್ಘ ವಿಚಾರಣೆಗಳಿಂದ ಬಳಲಿ ಆಸ್ಪತ್ರೆ ಸೇರಿದ ಆತನು 1977ರ ಮಾರ್ಚ್ 13ರಂದು ಮೆದುಳಿನ ರಕ್ತಸ್ರಾವದಿಂದ ಅಸುನೀಗಿದನು. ಆತನ ಅಂತ್ಯಸಂಸ್ಕಾರದ ಸಮಯದಲ್ಲಿ ಪ್ರಾರ್ಥನೆಯ ಮಾತುಗಳು ಯಾರಿಗೂ ಕೇಳಿಸಬಾರದೆಂದು ಸ್ಮಶಾನದ ಮೇಲೆ ಹೆಲಿಕಾಪ್ಟರನ್ನು ಹಾರಿಸಲಾಯಿತು. ಪಕ್ಕದ ಮೈದಾನದಲ್ಲಿ ಮೋಟಾರ್ ಸೈಕಲ್ಲುಗಳನ್ನು ಗರ್ಜಿಸುವಂತೆ ಮಾಡಲಾಯಿತು. ಶಾಂತಿಭಂಗದ ಆಪಾದನೆಯ ಮೇಲೆ ಸಂಗೀತಗಾರರನ್ನು ಸೆರೆಗೆ ತಳ್ಳಿದ ಸರ್ಕಾರವು ಸತ್ತವನ ಮುಂದೆ ಗದ್ದಲವೆಬ್ಬಿಸಿತು.

ಅದೇ ದಿನಗಳ ನಮ್ಮ ನಾಡು

ಇದೇ ತಿಂಗಳುಗಳಲ್ಲಿ ನಮ್ಮ ದೇಶದ ಸ್ಥಿತಿ ಏನಾಗಿತ್ತೆಂಬುದನ್ನು ಕನ್ನಡಿಗರು ಮರೆಯಬಾರದು. 1975ರ ಜೂನ್ 25ರಂದು ಘೋಷಿತವಾದ ತುರ್ತುಪರಿಸ್ಥಿತಿಯು 1977ರ ಮಾರ್ಚ್ 21ರವರೆಗೆ ಜಾರಿಯಲ್ಲಿತ್ತು. ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನಾಧರಿಸಿದ 'ಸಂಸ್ಕಾರ' ಚಲನಚಿತ್ರದಲ್ಲಿ ಚಂದ್ರಿಯ ಪಾತ್ರವನ್ನು ಅವಿಸ್ಮರಣೀಯವಾಗಿ ಅಭಿನಯಿಸಿದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ 2ರಂದು ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿರಿಸಲಾಯಿತು. ಉಬ್ಬಸದಿಂದ ನರಳುತ್ತಿದ್ದ ಆಕೆಯನ್ನು ಯಾವ ನ್ಯಾಯಾಲಯವೂ ಅಪರಾಧಿಯೆಂದು ನಿರ್ಣಯಿಸಿರಲಿಲ್ಲ. 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಬಂದ ಆ ಕಲಾವಿದೆ, ಪ್ರಾಗ್‌ನಲ್ಲಿ ಚಾರ್ಟರಿಗೆ ಸಹಿ ಮಾಡಿದವರನ್ನು ಪೊಲೀಸರು ಬೆನ್ನಟ್ಟುತ್ತಿದ್ದ ಆ ದಿನಗಳಲ್ಲಿಯೇ, ಜನವರಿ 20ರಂದು ಕಣ್ಮುಚ್ಚಿದರು.

ಆಕೆಯ ಬಂಧನವಾದ ಎರಡು ದಿನಗಳಲ್ಲಿ, ಅಂದರೆ 1976ರ ಮೇ 4ರಿಂದ, ಕಿಶೋರ್ ಕುಮಾರರ ಹಾಡುಗಳು ಆಕಾಶವಾಣಿಯಿಂದ ಮರೆಯಾದುವು. ಸರ್ಕಾರದ ಪ್ರಚಾರಕ್ಕೆ ಸಹಕರಿಸಲು ಅವರು ಒಪ್ಪಲಿಲ್ಲವೆಂಬುದು ಅದಕ್ಕೆ ಕಾರಣ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ, ಕೇವಲ ವಿದ್ಯಾಪ್ರಸಾರದ ಹಂಬಲದಿಂದ, ಆರಂಭಿಸಿದ ಬಾನುಲಿ ಕೇಂದ್ರದ ಹೆಸರನ್ನೇ ಹೊತ್ತ ಸಂಸ್ಥೆಯು ಒಬ್ಬ ಹಾಡುಗಾರನ ಕಂಠವನ್ನು ಮುಚ್ಚುವ ಸಾಧನವಾಯಿತೆಂಬುದು ಮೈಸೂರಿನವರನ್ನು ನೋಯಿಸಬೇಕಾದ ಸಂಗತಿ. ನಮ್ಮಲ್ಲಿ ತುರ್ತುಪರಿಸ್ಥಿತಿಯು ಇಪ್ಪತ್ತೊಂದು ತಿಂಗಳಲ್ಲಿ, ಮತದಾರರ ತೀರ್ಪಿನಿಂದ, ಕೊನೆಗೊಂಡಿತು; ಅಲ್ಲಿ ಆ ಕತ್ತಲೆಯು ಇನ್ನೂ ಹನ್ನೆರಡು ವರ್ಷ ಮುಂದುವರಿಯಿತು. ಈ ಅಂತರವು ಅಲ್ಪವಲ್ಲ. ನಮ್ಮ ಚುನಾವಣೆಗಳ ಬೆಲೆಯನ್ನು ಅಳೆಯುವುದಕ್ಕೆ ಇದೊಂದೇ ಸಾಕು.

ಇತ್ತ ಪ್ರಾಗ್‌ನ ಆ ವಾದ್ಯಗೋಷ್ಠಿಯು 1978ರಲ್ಲಿ ಹಾವೆಲ್‌ನ ಹಳ್ಳಿಮನೆಯಲ್ಲಿ ಕ್ರಿಸ್ತನ ಯಾತನೆಯನ್ನು ಕುರಿತ ಸಂಗೀತ ರೂಪಕವನ್ನು ಮುದ್ರಿಸಿತು. ಸುರುಳಿಗಳು ಗುಟ್ಟಾಗಿ ಗಡಿ ದಾಟಿ ಹೊರದೇಶಗಳಲ್ಲಿ ತಟ್ಟೆಗಳಾದುವು. ಬ್ರಾಬೆನೆತ್ಸ್‌ನನ್ನು ಪೀಡಿಸಿ ದೇಶ ಬಿಡಿಸಲಾಯಿತು. ಯಿರೌಸ್ ತನ್ನ ಆಯುಸ್ಸಿನ ಎಂಟು ವರ್ಷಗಳಿಗೂ ಹೆಚ್ಚು ಕಾಲವನ್ನು ಬೇರೆಬೇರೆ ಸೆರೆಮನೆಗಳಲ್ಲಿ ಕಳೆದನು. ಅವರ ಕವಿಯಾಗಿದ್ದ ಬೊಂಡಿಯು ಗುಪ್ತ ಪೊಲೀಸರಿಗೆ ವರದಿಗಳನ್ನು ಒಪ್ಪಿಸುತ್ತಿದ್ದನೆಂಬುದು ಬಹುಕಾಲದ ಮೇಲೆ ಬಯಲಾಯಿತು. ಭಯದ ರಾಜ್ಯವು ಪ್ರತಿಭಾವಂತರ ಅಂತಃಕರಣವನ್ನೂ ಹೇಗೆ ಕೆಡಿಸಬಲ್ಲದೆಂಬುದಕ್ಕೆ ಆತನು ದುಃಖಕರವಾದ ನಿದರ್ಶನ. 1989ರ ನವೆಂಬರಿನಲ್ಲಿ ಆ ಪ್ರಭುತ್ವವು ರಕ್ತಪಾತವಿಲ್ಲದೆ ಕುಸಿಯಿತು. ಡಿಸೆಂಬರ್ 29ರಂದು ಹಾವೆಲ್ ರಾಷ್ಟ್ರಾಧ್ಯಕ್ಷನಾದನು. ಮುಂದಿನ ಜನವರಿಯಲ್ಲಿ ಫ್ರಾಂಕ್ ಝಾಪಾ ಪ್ರಾಗ್ ನಗರಕ್ಕೆ ಗೌರವಾನ್ವಿತ ಅತಿಥಿಯಾಗಿ ಬಂದನು. 1988ರಲ್ಲಿ ಚದುರಿಹೋಗಿದ್ದ ಗೋಷ್ಠಿಯು ಚಾರ್ಟರಿನ ಇಪ್ಪತ್ತನೆಯ ವರ್ಷದಲ್ಲಿ, ಹಾವೆಲ್‌ನ ಕೋರಿಕೆಯಂತೆ, ಮತ್ತೆ ಕೂಡಿ ನುಡಿಸಿತು. ಹ್ಲಾವ್ಸಾ 2001ರಲ್ಲಿಯೂ ಯಿರೌಸ್ 2011ರಲ್ಲಿಯೂ ಗತಿಸಿದರು.

ನಮ್ಮ ಪಾಲಿನ ಕರ್ತವ್ಯ

ಈ ವೃತ್ತಾಂತದಿಂದ ನಾವು ಕಲಿಯಬೇಕಾದುದು ರಾಕ್ ಸಂಗೀತವನ್ನು ಮೆಚ್ಚಿಕೊಳ್ಳುವುದನ್ನಲ್ಲ. ತ್ಯಾಗರಾಜರ ಕೃತಿಗಳಲ್ಲಿ ತೃಪ್ತಿ ಕಾಣುವ ಕಿವಿಗೆ ಆ ಗೋಷ್ಠಿಯ ನಾದವು ಎಂದಿಗೂ ಹಿತವಾಗದಿರಬಹುದು. ಹಿತವಾಗಬೇಕೆಂಬ ಬಲಾತ್ಕಾರವೂ ಇಲ್ಲ. ಪಾಟೊಚ್ಕಾನ ಹಿರಿಮೆ ಇರುವುದೇ ಇಲ್ಲಿ. ತನಗೆ ಪ್ರಿಯವಾದ ಹಾಡನ್ನು ರಕ್ಷಿಸಲು ಯಾರೂ ಮುಂದಾಗಬಹುದು, ಅದು ಸ್ವಾರ್ಥದ ಇನ್ನೊಂದು ರೂಪವೂ ಆದೀತು. ತನಗೆ ಒಗ್ಗದ ಹಾಡನ್ನು ಹಾಡುವವನ ಹಕ್ಕಿಗಾಗಿ ತನ್ನ ನೆಮ್ಮದಿಯನ್ನೂ ಆರೋಗ್ಯವನ್ನೂ ಪಣವಾಗಿಡುವುದು ಧರ್ಮ.

ನೆರೆಹೊರೆಯ ನೆಮ್ಮದಿಗಾಗಿ ನಿಯಮಗಳಿರುವುದು ನ್ಯಾಯವೇ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕಗಳು ಕೂಡದೆಂಬ 2000ನೆಯ ವರ್ಷದ ಶಬ್ದಮಾಲಿನ್ಯ ನಿಯಮವು ಭಜನೆಗೂ ಗಿಟಾರಿಗೂ ರಾಜಕೀಯ ಭಾಷಣಕ್ಕೂ ಒಂದೇ ರೀತಿಯಲ್ಲಿ ಅನ್ವಯಿಸುವವರೆಗೆ ಅದು ಪೌರಜೀವನದ ಶಿಸ್ತು. ಹಾಡಿನ ಸದ್ದನ್ನು ಬಿಟ್ಟು ಹಾಡಿನ ಅರ್ಥವನ್ನೂ ಹಾಡುವವನ ವೇಷವನ್ನೂ ಅಳೆಯಲು ತೊಡಗಿದಂದು ಅದೇ ನಿಯಮವು ಪ್ರಾಗ್‌ನ ಪರೀಕ್ಷಕಮಂಡಲಿಯಾಗುತ್ತದೆ. ಗಡಿಗೆರೆ ಇರುವುದು ಇಲ್ಲಿಯೇ, ಅದನ್ನು ಕಾಯಬೇಕಾದವರು ನಾಗರಿಕರು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಶಿಶುನಾಳ ಶರೀಫರ ತತ್ತ್ವಪದಗಳನ್ನು ಗಿಟಾರಿನೊಡನೆ ಹಾಡಿ ದೇಶವಿದೇಶಗಳ ಶ್ರೋತೃಗಳನ್ನು ಗಳಿಸಿದುದನ್ನು ನಾವೇ ಕಂಡಿದ್ದೇವೆ. ನಾಳೆ ಯಾವ ಮನೆಯ ಹಿತ್ತಲಿನ ಕೋಣೆಯಿಂದ ಯಾವ ಹೊಸ ನಾದ ಹೊರಡುವುದೋ ಹೇಳಬಲ್ಲವರಿಲ್ಲ.

ಆದುದರಿಂದ, ವಿದ್ಯಾರಣ್ಯಪುರಂನ ಹಿರಿಯರಲ್ಲಿಯೂ, ಗಣೇಶೋತ್ಸವದ ಕಚೇರಿಗಳನ್ನು ಶ್ರದ್ಧೆಯಿಂದ ನಡೆಸುವ ಮಂಡಲಿಗಳಲ್ಲಿಯೂ, ಸಭಾಂಗಣಗಳ ಕೀಲಿಕೈಯನ್ನು ಹಿಡಿದಿರುವ ಅಧಿಕಾರಿಗಳಲ್ಲಿಯೂ ನನ್ನದೊಂದು ವಿನಂತಿ ಇದೆ. ಶಾಸ್ತ್ರೀಯ ಸಂಗೀತಕ್ಕೆ ಮೀಸಲಾದ ಸಂಜೆಗಳ ಪಕ್ಕದಲ್ಲಿ, ನಮ್ಮ ಬೀದಿಯ ತರುಣರು ತಾವೇ ಬರೆದ, ತಾವೇ ರಾಗ ಹಾಕಿದ ಹಾಡುಗಳಿಗೆ ವರ್ಷಕ್ಕೊಂದು ಸಂಜೆಯನ್ನಾದರೂ ಬಿಟ್ಟುಕೊಡಿ. ಹಾಡಿನ ಸಾಹಿತ್ಯವನ್ನು ಮುಂಚಿತವಾಗಿ ತೋರಿಸಿರೆಂದು ಕೇಳಬೇಡಿ. ಇಷ್ಟವಾಗದಿದ್ದರೆ ಎದ್ದುಹೋಗಿ, ಮರುದಿನ ಕಟುವಾಗಿಯೇ ವಿಮರ್ಶಿಸಿ. ಅವರ ವೇದಿಕೆಯನ್ನು ಯಾರಾದರೂ ಕಿತ್ತುಕೊಳ್ಳಲು ಬಂದಾಗ ಮಾತ್ರ, ಆ ಹಾಡು ನಮಗೆ ಹಿಡಿಸಿತ್ತೋ ಇಲ್ಲವೋ ಎಂಬುದನ್ನು ಯೋಚಿಸದೆ, ಅವರ ಪಕ್ಕದಲ್ಲಿ ಹೋಗಿ ನಿಲ್ಲಿ.